ಬೂದಿ ಬುಧವಾರಕ್ಕೆ ಮುಂಚೆ ಮದುವೆಗೆ ಯಾಕಿಷ್ಟು ಅರ್ಜೆಂಟ್?

ನಾನು ನಿಟ್ಟೆಯವಳು, ವಯಸ್ಸು 31, ಮದುವೆ ಆಗಿಲ್ಲ. ಇದನ್ನ ಮೊದಲೇ ಹೇಳೋದಕ್ಕೆ ಕಾರಣ ಇದೆ.

2026ರ ಅತ್ತೂರು ಜಾತ್ರೆ ಮುಗಿದದ್ದೇ ತಡ, ನನ್ನ ಕ್ರಿಶ್ಚಿಯನ್ ಗೆಳತಿಯ ಮನೆಯಲ್ಲಿ ಮದುವೆ ಗಡಿಬಿಡಿ. ಹಾಲ್ ಹುಡುಕಬೇಕು, ಕೇಟರಿಂಗ್‌ನವರು ಸಿಗಬೇಕು. "ಈಸ್ಟರ್ ಕಳೆದು ಮಾಡಬಹುದಲ್ಲ ಮಾರಾಯ್ತಿ?" ಅಂದೆ. "ಅಜ್ಜಿಗೆ ಹುಷಾರಿಲ್ಲ, ಅಷ್ಟು ದಿನ ಹೇಗೆ ಕಾಯೋದು?" ಅಂದಳು.

ಲೆಕ್ಕ ಹೀಗಿದೆ. ಆ ವರ್ಷ ಬೂದಿ ಬುಧವಾರ ಫೆಬ್ರವರಿ 18ಕ್ಕೆ, ಈಸ್ಟರ್ ಏಪ್ರಿಲ್ 5ಕ್ಕೆ. ನಡುವಿನ 46 ದಿನಗಳಲ್ಲಿ 6 ಭಾನುವಾರ ಬಿಟ್ಟರೆ 40 ದಿನ ತಪಸ್ಸು ಕಾಲ. ಆಗ ಮದುವೆ ಮಾಡಲೇಬಾರದು ಅಂತ ಈಗಿನ ಚರ್ಚ್ ಕಾನೂನು ಹೇಳಲ್ಲ. ಆದರೂ ಉಪವಾಸ, ಪ್ರಾರ್ಥನೆಯ ದಿನಗಳಲ್ಲಿ ಸಂಭ್ರಮ ಬೇಡ ಅನ್ನೋದು ರೂಢಿ. ನಮ್ಮ ತುಳುವರ ಮನೆಗಳಲ್ಲಿ ಆಟಿ ತಿಂಗಳಲ್ಲಿ ಮದುವೆ ಇಡಲ್ಲ ಅಲ್ವಾ, ಹಾಗೇ.

ಐರ್ಲೆಂಡಿನಲ್ಲೂ ಹಿಂದೆ ಇದೇ ಕಥೆ. ಬೂದಿ ಬುಧವಾರದ ಹಿಂದಿನ ಮಂಗಳವಾರ ಮನೆಯಲ್ಲಿದ್ದ ಮೊಟ್ಟೆ, ಹಾಲು, ಬೆಣ್ಣೆ ಖಾಲಿ ಮಾಡೋಕೆ ಪ್ಯಾನ್‌ಕೇಕ್ ಹುಯ್ತಿದ್ರು. ಹಳ್ಳಿಗಳಲ್ಲಿ ಮದುವೆಗಳೂ ಆ ಹೊತ್ತಿಗೇ ಹೆಚ್ಚು. ಅಷ್ಟರೊಳಗೆ ಮದುವೆ ಆಗದವರ ಗತಿ? ತಪಸ್ಸು ಕಾಲದ ಮೊದಲ ಭಾನುವಾರ ಅವರ ಬೆನ್ನಿಗೆ ಸೀಮೆಸುಣ್ಣದ ಗುರುತು! ಅದಕ್ಕೇ ಆ ದಿನಕ್ಕೆ ಚಾಕ್ ಸಂಡೆ ಅಂತ ಹೆಸರು. ನೈಋತ್ಯ ತೀರದಾಚೆಯ ಸ್ಕೆಲ್ಲಿಗ್ ಬಂಡೆ ದ್ವೀಪದಲ್ಲಿ ಉಪವಾಸ ತಡವಾಗಿ ಶುರುವಾಗುತ್ತೆ ಅನ್ನೋ ನಂಬಿಕೆ ಇತ್ತು. "ಅಲ್ಲಿಗಾದ್ರೂ ಹೋಗಿ ಮದುವೆ ಆಗಿ" ಅಂತ ತಮಾಷೆ. ಊರಿನ ಒಂಟಿ ಗಂಡು-ಹೆಣ್ಣುಗಳನ್ನ ಜೋಡಿ ಮಾಡಿ ಹಾಸ್ಯದ ಪದ್ಯ ಬೇರೆ ಕಟ್ತಿದ್ರು. ಕೇಳೋರಿಗೆ ನಗು, ಪದ್ಯದಲ್ಲಿ ಹೆಸರಿದ್ದವರಿಗೆ?

ಗೆಳತಿಯ ರೋಸ್‌ಗೆ ಹೋಗಿದ್ದೆ. ಮದುವೆಯ ಮುನ್ನಾದಿನ ತೆಂಗಿನ ಹಾಲು, ಎಣ್ಣೆ ಹಚ್ಚಿ ಕನ್ಯಾ ಜೀವನಕ್ಕೆ ವಿದಾಯ ಹೇಳೋ ಶಾಸ್ತ್ರ ಅದು. ಅಜ್ಜಿಯನ್ನ ಕುರ್ಚಿ ಸಮೇತ ಎತ್ತಿ ತಂದ್ರು. ನಡುಗುವ ಕೈಯಲ್ಲೇ ಮೊಮ್ಮಗಳ ತಲೆಗೆ ಹಾಲು ಹಚ್ಚಿದ್ರು. ಆ ಗಡಿಬಿಡಿಯ ಅರ್ಥ ನನಗೆ ಆಗ ಗೊತ್ತಾಯ್ತು. ತಾರೀಖು ಹತ್ತಿರ ಇದ್ದದ್ದಕ್ಕೇ ಅಜ್ಜಿಗೆ ಮದುವೆ ನೋಡೋಕೆ ಸಿಕ್ಕಿತು.

ಆದರೆ ಅದೇ ತಾರೀಖು ಉಳಿದವರ ಬೆನ್ನಿಗೆ ಗುರುತನ್ನೂ ಹಾಕುತ್ತೆ. ಊಟದ ಸಾಲಲ್ಲಿ ಒಬ್ಬರು ಆಂಟಿ ಕೇಳಿಯೇಬಿಟ್ರು, "ನಿಂದು ಯಾವಾಗ?"

"ಆಟಿ ಕಳೀಲಿ ಆಂಟಿ" ಅಂದೆ. ಯಾವ ವರ್ಷದ ಆಟಿ ಅಂತ ಹೇಳಲಿಲ್ಲ.

ನಿಮ್ಮನ್ನೂ ಯಾರಾದ್ರೂ ಹೀಗೆ ಕೇಳಿದ್ದಾರಾ? ಏನು ಉತ್ತರ ಕೊಟ್ರಿ? ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.