ನೆರಳು ತಿದ್ದಿದ ಐದು ಪುಟ

ಒಂದೇ ತಲೆ, ಒಂದೇ ಸ್ಕ್ಯಾನ್. ಪರದೆಯ ಮೇಲೆ ಮಾತ್ರ ಎರಡು ಚಿತ್ರ. ಎಡಗಡೆಯದರಲ್ಲಿ ಮಿದುಳು ನುಣ್ಣಗೆ, ಬೂದು ಛಾಯೆಗಳೆಲ್ಲ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಬಲಗಡೆಯದರಲ್ಲಿ ಕಿವಿಯ ಹಿಂದಿನ ಮೂಳೆಯೊಳಗಿನ ಪುಟ್ಟ ಪುಟ್ಟ ಗಾಳಿಗೂಡುಗಳೂ ಖಚಿತ, ಆದರೆ ಮಿದುಳೆಲ್ಲ ಮರಳು ಮರಳು. “ಪೇಷಂಟನ್ನ ಎರಡು ಸಲ ಒಳಗೆ ಕಳಿಸಿಲ್ಲ ಸರ್. ಡೇಟಾ ಒಂದೇ, ಕರ್ನಲ್ ಬೇರೆ ಅಷ್ಟೇ” ಎಂದರು ಸಿಟಿ ಟೆಕ್ನಿಷಿಯನ್. ಕನ್ಸೋಲ್‌ನ ಮೆನು ತೆರೆದು ಇನ್ನೊಂದು ಕರ್ನಲ್ ಆರಿಸಿದರು. ಮೂರನೆಯ ಚಿತ್ರ ಬಂತು. “ಇದನ್ನೆಲ್ಲ ಯಾರೂ ಕೇಳಲ್ಲ. ರಿಪೋರ್ಟ್ ಯಾವಾಗ ಸಿಗುತ್ತೆ ಅಂತ ಮಾತ್ರ ಕೇಳ್ತಾರೆ.”

ರೇಡಿಯಾಲಜಿಸ್ಟ್ ಗೆಳೆಯರೊಬ್ಬರ ಜೊತೆ ಹರಟಲು ಹೋದವನು ನಾನು. ಆ ಮೆನು ನೋಡಿದ ಮೇಲೆ ಹರಟೆಯ ದಿಕ್ಕೇ ತಪ್ಪಿತು. ಕರ್ನಲ್ ಎಂದರೆ ಒಳಗೆ ಇರುವುದು ಬರೀ ಸಂಖ್ಯೆಗಳ ಒಂದು ಸಾಲು. ಅದರ ಅತ್ಯಂತ ಪ್ರಸಿದ್ಧ ರೂಪಕ್ಕೆ ಜಗತ್ತಿನಾದ್ಯಂತ ಎಂಜಿನಿಯರುಗಳು ಇಟ್ಟುಕೊಂಡಿರುವ ಹೆಸರು ‘ರಾಮ್-ಲಾಕ್’. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬಳಸುವ ಮ್ಯಾಟ್‌ಲ್ಯಾಬ್ ತಂತ್ರಾಂಶದಲ್ಲಿ ನೆರಳುಗಳಿಂದ ಚಿತ್ರ ಕಟ್ಟುವ ಆಜ್ಞೆ ಕೊಟ್ಟು ಬೇರೇನೂ ಹೇಳದಿದ್ದರೆ, ಅದು ತಾನಾಗಿ ಎತ್ತಿಕೊಳ್ಳುವುದು ಇದನ್ನೇ. ರಾಮ್ ಎಂದರೆ ಜಿ.ಎನ್. ರಾಮಚಂದ್ರನ್, ಲಾಕ್ ಎಂದರೆ ಎ.ವಿ. ಲಕ್ಷ್ಮೀನಾರಾಯಣನ್. 1971ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಇಬ್ಬರೂ ಸೇರಿ ಬರೆದದ್ದು ಐದೇ ಪುಟ.

ರಾಮಚಂದ್ರನ್ ಯಾರೆಂದು ಬಹಳ ಹೇಳಬೇಕಿಲ್ಲ. ಎರ್ನಾಕುಲಂನಲ್ಲಿ 1922ರಲ್ಲಿ ಹುಟ್ಟಿದವರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು ಬಂದು ಸಿ.ವಿ. ರಾಮನ್ ಅವರ ಕೈಗೆ ಸಿಕ್ಕಿ ಭೌತವಿಜ್ಞಾನಿಯಾದವರು. ಮದರಾಸಿನಲ್ಲಿದ್ದಾಗ ಕೊಲಾಜೆನ್ ಎಂಬ ಪ್ರೋಟೀನಿನ ಮೂರೆಳೆ ಸುರುಳಿ, 1963ರಲ್ಲಿ ಪ್ರೋಟೀನುಗಳ ‘ರಾಮಚಂದ್ರನ್ ನಕ್ಷೆ’. ಬಯೋಕೆಮಿಸ್ಟ್ರಿ ಓದಿದವರೆಲ್ಲ ಆ ನಕ್ಷೆ ಬಿಡಿಸಿಯೇ ಬಂದಿರುತ್ತಾರೆ. 1970ರ ಸುಮಾರಿಗೆ ಮದರಾಸು ಬಿಟ್ಟು, ಷಿಕಾಗೋಗೂ ಬೆಂಗಳೂರಿಗೂ ಓಡಾಡುತ್ತ, ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕ ಕಟ್ಟುತ್ತಿದ್ದ ಕಾಲದ್ದು ಆ ಐದು ಪುಟದ ಲೇಖನ. ಅವರ ಗಮನವಿದ್ದದ್ದು ಹೆಚ್ಚಾಗಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳ ಮೇಲೆ, ಸುರುಳಿಯಾಕಾರದ ಅಣುಗಳ ಮೇಲೆ. ಕೇಂಬ್ರಿಜ್‌ನಲ್ಲಿ ಡಿರೋಸಿಯರ್ ಮತ್ತು ಕ್ಲೂಗ್ 1968ರಲ್ಲೇ, ಚಿತ್ರವನ್ನು ಅಲೆಗಳಾಗಿ ಒಡೆದು ನೋಡುವ ಫೂರ್ಯೇ ಗಣಿತದಿಂದ ಅಂಥ ಚಿತ್ರಗಳಿಗೆ ಮೂರನೆಯ ಆಯಾಮ ಕೊಟ್ಟಿದ್ದರು. ಫೂರ್ಯೇ ಹಾದಿ ಬಳಸು ದಾರಿ, ನೇರ ಹೋಗಬಹುದು ಎಂಬುದು ರಾಮಚಂದ್ರನ್ ವಾದ. 1971ರಲ್ಲೇ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅವರು ಬರೆದ ಜೊತೆ ಲೇಖನಕ್ಕೆ ‘ನೆರಳಿನಿಂದ ವಸ್ತುವಿನ ಮರುರಚನೆ’ ಎಂಬರ್ಥದ ಶೀರ್ಷಿಕೆ. ಗಣಿತದ ಲೇಖನಕ್ಕೆ ಇಷ್ಟು ಚೆಂದದ ಹೆಸರಿಡುವವರು ನನಗಂತೂ ಹೆಚ್ಚು ಸಿಕ್ಕಿಲ್ಲ.

ಸಮಸ್ಯೆ ಇಷ್ಟು. ಒಂದು ವಸ್ತುವಿನ ಸುತ್ತ ಸುತ್ತಿ ಎಲ್ಲ ದಿಕ್ಕಿನಿಂದ ಎಕ್ಸ್‌ರೇ ನೆರಳು ಹಿಡಿದಿದ್ದೀರಿ. ಪ್ರತಿ ನೆರಳನ್ನೂ ಅದು ಬಂದ ದಿಕ್ಕಿನಲ್ಲೇ ಹಾಳೆಯ ಮೇಲೆ ಹಿಂದಕ್ಕೆ ಎಳೆದು, ಎಲ್ಲವನ್ನೂ ಕೂಡಿಸಿದರೆ ಒಳಗಿನ ವಸ್ತು ಕಾಣಬೇಕಲ್ಲ? ಕಾಣುತ್ತದೆ, ಆದರೆ ಒದ್ದೆ ಕೈಯಾಡಿಸಿದ ರಂಗೋಲಿಯ ಹಾಗೆ. ಒಂದು ಚುಕ್ಕೆಯಿದ್ದ ಕಡೆ ಸುತ್ತಲೂ ಮಂಜು; ದೂರ ಎರಡರಷ್ಟಾದರೆ ಮಂಜು ಅರ್ಧಕ್ಕಿಳಿಯುತ್ತದೆ, ಆದರೆ ಪೂರ್ತಿ ಹೋಗುವುದೇ ಇಲ್ಲ. ಹಿಂದಕ್ಕೆ ಎಳೆಯುವ ಮೊದಲೇ ಪ್ರತಿ ನೆರಳನ್ನೂ ತಿದ್ದಿಬಿಟ್ಟರೆ ಮಂಜು ತಂತಾನೇ ರದ್ದಾಗುತ್ತದೆ. ಆ ತಿದ್ದುವ ಸೂತ್ರವೇ ಕರ್ನಲ್.

ಓದುಗರು ಕ್ಷಮಿಸಬೇಕು, ನಾನು ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ. ರಾಮ್-ಲಾಕ್ ಸಾಲು ಹೀಗಿದೆ: ನೆರಳಿನ ಒಂದು ಬಿಂದುವನ್ನು ಕಾಲು ಭಾಗದಿಂದ ಗುಣಿಸಿ. ಅದರ ಎಡಬಲದ ಬಿಂದುಗಳನ್ನು ಪೈ ವರ್ಗದಿಂದ ಭಾಗಿಸಿ ಕಳೆಯಿರಿ. ಎರಡನೆಯ ನೆರೆಯವರನ್ನು ಮುಟ್ಟಬೇಡಿ. ಮೂರನೆಯವರನ್ನು ಒಂಬತ್ತು ಪೈ ವರ್ಗದಿಂದ ಭಾಗಿಸಿ ಕಳೆಯಿರಿ, ನಾಲ್ಕನೆಯವರನ್ನು ಬಿಡಿ, ಐದನೆಯವರಿಗೆ ಇಪ್ಪತ್ತೈದು ಪೈ ವರ್ಗ. ಬೆಸ ನೆರೆಯವರಿಗೆ ಮಾತ್ರ ಕತ್ತರಿ, ಸಮ ಸಂಖ್ಯೆಯವರಿಗೆ ಪೂರ್ತಿ ಮಾಫಿ! ಸಿಟಿ ಕೋಣೆಯಿಂದ ಬಂದ ರಾತ್ರಿ ಪೆನ್ಸಿಲ್ ಹಿಡಿದು ಕೂಡಿಸುತ್ತ ಕೂತೆ. ನಡುವಿನದು 0.25. ಮೊದಲ ಇಬ್ಬರು ನೆರೆಯವರು ಸೇರಿ 0.2026 ಕಿತ್ತುಕೊಂಡರೆ ಉಳಿಯುವುದು 0.0474. ಮೂರನೆಯವರು ಹೋದ ಮೇಲೆ 0.0248, ಐದನೆಯವರ ನಂತರ 0.0167. ಇಳಿಯುತ್ತಲೇ ಹೋಗುತ್ತದೆ, ಅನಂತಕ್ಕೆ ಹೋದರೆ ಸರಿಯಾಗಿ ಸೊನ್ನೆ. ಯಾಕೆಂದರೆ ಬೆಸ ಸಂಖ್ಯೆಗಳ ವರ್ಗಗಳ ವಿಲೋಮಗಳನ್ನೆಲ್ಲ ಕೂಡಿಸಿದರೆ ಪೈ ವರ್ಗದ ಎಂಟನೇ ಒಂದು ಭಾಗ ಬರುತ್ತದೆ. ಆಯ್ಲರ್ ಹದಿನೆಂಟನೆಯ ಶತಮಾನದಲ್ಲಿ ಬಿಡಿಸಿದ ಪ್ರಸಿದ್ಧ ಲೆಕ್ಕದ ಮಗ್ಗುಲಿನ ಲೆಕ್ಕ ಇದು. ಎಡಬಲ ಸೇರಿ ಎರಡು ಪಾಲು, ಪೈ ಹೊಡೆದುಹೋಗಿ ಉಳಿದದ್ದು ಕಾಲು. ಕಾಲು ಭಾಗದಲ್ಲಿ ಕಾಲು ಭಾಗ ಕಳೆದರೆ ಸೊನ್ನೆ. ನೆರಳು ಎಲ್ಲ ಕಡೆ ಒಂದೇ ಸಮ ಇದ್ದರೆ ಅದರಲ್ಲಿ ಹೇಳುವಂಥ ಸುದ್ದಿಯಿಲ್ಲ. ಈ ಸಾಲು ಅದನ್ನು ಸೊನ್ನೆ ಮಾಡುತ್ತದೆ. ಸುದ್ದಿಯಿರುವುದು ಅಂಚಿನಲ್ಲಿ, ಅದನ್ನು ಎತ್ತಿ ತೋರಿಸುತ್ತದೆ. ಯಾರದೋ ತಲೆಯೊಳಗಿನ ರಕ್ತಸ್ರಾವ ಹುಡುಕುವ ಯಂತ್ರದಲ್ಲಿ ಆಯ್ಲರ್ ಇಷ್ಟು ಅಚ್ಚುಕಟ್ಟಾಗಿ ಕೂತಿರುವುದು ನನಗೆ ಇನ್ನೂ ಅರಗಿಲ್ಲ.

ಪರದೆಯ ಎಡಗಡೆಯ ನುಣುಪಿಗೂ ಬಲಗಡೆಯ ಮರಳಿಗೂ ಕಾರಣ ಇಲ್ಲೇ ಇದೆ. ಅಂಚು ಎತ್ತಿ ತೋರಿಸುವ ಸೂತ್ರ ಎಕ್ಸ್‌ರೇಯ ಗದ್ದಲವನ್ನೂ ಎತ್ತಿ ತೋರಿಸುತ್ತದೆ. ಮೂಳೆಯ ಕರ್ನಲ್ ರಾಮ್-ಲಾಕ್‌ನ ಹರಿತವನ್ನು ಬಹುಪಾಲು ಹಾಗೇ ಉಳಿಸಿಕೊಂಡರೆ, ಮಿದುಳಿನದು ಆ ಹರಿತವನ್ನು ಬೇಕೆಂದೇ ಮೊಂಡು ಮಾಡುತ್ತದೆ. ಹೀಗೆ ಮೊಂಡು ಮಾಡುವ ಕೆಲಸವನ್ನು 1974ರಲ್ಲೇ ಶೆಪ್ ಮತ್ತು ಲೋಗನ್ ಶುರು ಮಾಡಿದ್ದರು.

ಆ ಐದು ಪುಟಗಳ ದೊಡ್ಡ ಮಾತು ಸೌಂದರ್ಯದ್ದಲ್ಲ, ವೇಗದ್ದು. ಫೂರ್ಯೇ ವಿಧಾನಕ್ಕಿಂತ ಸುಮಾರು 30 ಪಟ್ಟು ಬೇಗ, ಅದಕ್ಕಿಂತ ನಿಖರ ಎಂದು ಇಬ್ಬರೂ ಕಂಪ್ಯೂಟರಿನಲ್ಲೇ ಕೃತಕ ನೆರಳು ಸೃಷ್ಟಿಸಿ ತೋರಿಸಿದರು. ಇನ್ನೊಂದು ಲಾಭವೂ ಇತ್ತು: ಎಲ್ಲ ನೆರಳು ಸೇರುವವರೆಗೆ ಕಾಯಬೇಕಿಲ್ಲ, ಬಂದದ್ದನ್ನು ಬಂದ ಹಾಗೇ ತಿದ್ದಿ ಕೂಡಿಸುತ್ತ ಹೋಗಬಹುದು. ಆಸ್ಪತ್ರೆಗೆ ಬೇಕಾದದ್ದು ಅದೇ.

ಇನ್ನು ಉಳಿದ ಚರಿತ್ರೆ. ಅದನ್ನು ಓದುತ್ತ ಹೋದಂತೆ ‘ಅಂತರಶಿಸ್ತೀಯ ಸಂಶೋಧನೆ’ ಎಂದು ಸಮ್ಮೇಳನಗಳಲ್ಲಿ ಭಾಷಣ ಮಾಡುವವರ ಮೇಲೆ ನನಗೆ ಅನುಮಾನ ಹೆಚ್ಚಿತು. ಇಲ್ಲಿ ಯಾವ ಶಿಸ್ತೂ ಇನ್ನೊಂದರ ಮನೆಗೆ ಹೋಗಿರಲಿಲ್ಲ. ಆಸ್ಟ್ರಿಯಾದ ಗಣಿತಜ್ಞ ಯೋಹಾನ್ ರಾಡೊನ್ 1917ರಲ್ಲೇ ಈ ಲೆಕ್ಕವನ್ನು ಪೂರ್ತಿ ಬಿಡಿಸಿ ಲೈಪ್‌ಜಿಗ್‌ನ ಅಕಾಡೆಮಿಯ ವರದಿಯಲ್ಲಿ ಹಾಕಿಟ್ಟರು. ಭೌತವಿಜ್ಞಾನಿ ಲೊರೆಂಟ್ಸ್ ಅದರ ಮೂರು ಆಯಾಮದ ರೂಪವನ್ನು ಅದಕ್ಕೂ ಮೊದಲೇ ಬಲ್ಲವರಾಗಿದ್ದರು. ನಕ್ಷತ್ರಗಳ ವೇಗ ಲೆಕ್ಕ ಹಾಕಲು ಅಂಬರ್ಟ್‌ಸುಮಿಯಾನ್ 1936ರಲ್ಲಿ, ರೇಡಿಯೊ ಖಗೋಳಕ್ಕಾಗಿ ಬ್ರೇಸ್‌ವೆಲ್ 1956ರಲ್ಲಿ ಇದೇ ಬಾಗಿಲು ತಟ್ಟಿದರು. ಬ್ರೇಸ್‌ವೆಲ್ ಮತ್ತು ರಿಡಲ್ ಅಂತೂ 1967ರಲ್ಲೇ, ರಾಮಚಂದ್ರನ್ ಅವರಿಗಿಂತ ಮೊದಲು, ಫೂರ್ಯೇ ಬಿಟ್ಟು ನೇರ ತಿದ್ದುವ ಹಾದಿ ಹಿಡಿದಿದ್ದರು.

ನನಗೆ ಹೆಚ್ಚು ಪ್ರಿಯ ಅಲನ್ ಕಾರ್ಮ್ಯಾಕ್. ಕೇಪ್‌ಟೌನ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಮೇಷ್ಟ್ರು. ಗ್ರೂಟೆ ಶೂರ್ ಆಸ್ಪತ್ರೆಯಲ್ಲಿದ್ದ ಭೌತವಿಜ್ಞಾನಿ ಕೆಲಸ ಬಿಟ್ಟು ಹೋದರು. ವಿಕಿರಣಶೀಲ ವಸ್ತು ಬಳಸುವಲ್ಲಿ ತಜ್ಞನೊಬ್ಬನ ಮೇಲ್ವಿಚಾರಣೆ ಕಾನೂನಿನ ಪ್ರಕಾರ ಬೇಕೇ ಬೇಕು. ಊರಿನಲ್ಲಿದ್ದ ನ್ಯೂಕ್ಲಿಯರ್ ಭೌತವಿಜ್ಞಾನಿ ಕಾರ್ಮ್ಯಾಕ್ ಒಬ್ಬರೇ. ಹಾಗಾಗಿ 1956ರ ಮೊದಲರ್ಧದಲ್ಲಿ ವಾರಕ್ಕೆ ಒಂದೂವರೆ ದಿನ ಆಸ್ಪತ್ರೆ. ವಿಕಿರಣ ಚಿಕಿತ್ಸೆಯ ಲೆಕ್ಕ ಹಾಕುವವರು ದೇಹವೆಲ್ಲ ಒಂದೇ ಸಮನಾದ ವಸ್ತು ಎಂಬಂತೆ ನಡೆದುಕೊಳ್ಳುವುದು ಅವರ ಕಣ್ಣು ಕುಕ್ಕಿತು. ಅಲ್ಯುಮಿನಿಯಂ ಉರುಳೆಗೆ ಮರದ ಬಳೆ ತೊಡಿಸಿ, ಕೋಬಾಲ್ಟಿನ ಗಾಮಾ ಕಿರಣ ಹಾಯಿಸಿ ಲೆಕ್ಕ ಮಾಡಿದರು. ಎಲ್ಲ ಸರಿ ಬಂತು, ನಟ್ಟನಡುವೆ ಮಾತ್ರ ಏನೋ ವ್ಯತ್ಯಾಸ. ವಿಚಾರಿಸಿದರೆ, ಉರುಳೆ ಮಾಡಿಕೊಟ್ಟವರು ಮಿಶ್ರಲೋಹದ ನಡುವೆ ಶುದ್ಧ ಅಲ್ಯುಮಿನಿಯಂನ ಗೂಟವೊಂದನ್ನು ಹೊಡೆದಿದ್ದರು! ಕಾಣದ ಗೂಟವನ್ನು ಗಣಿತ ಪತ್ತೆ ಹಚ್ಚಿತ್ತು. 1963 ಮತ್ತು 1964ರಲ್ಲಿ ಫಲಿತಾಂಶ ಪ್ರಕಟವಾದಾಗ ವೈದ್ಯಲೋಕ ತಿರುಗಿ ನೋಡಲಿಲ್ಲ. ಪ್ರತಿ ಬೇಕೆಂದು ಬಂದ ಕೋರಿಕೆಗಳಲ್ಲಿ ತುಂಬ ಕುತೂಹಲದ್ದು ಸ್ವಿಟ್ಜರ್‌ಲೆಂಡಿನ ಹಿಮಪಾತ ಸಂಶೋಧನಾ ಕೇಂದ್ರದ್ದು. ಬೆಟ್ಟದ ಮೇಲಿನ ಹಿಮದ ರಾಶಿಯೊಳಗೆ ಇಣುಕಲು ಇದು ಆದೀತೇ ಎಂದು ಅವರಿಗೆ ಆಸೆ. ರಾಡೊನ್ ಹೆಸರು ಕಾರ್ಮ್ಯಾಕ್ ಕಿವಿಗೆ ಬಿದ್ದದ್ದು ಎಪ್ಪತ್ತರ ದಶಕದಲ್ಲಿ.

ಸಿಟಿ ಯಂತ್ರ ಕಟ್ಟಿದ ಗಾಡ್‌ಫ್ರೀ ಹೌನ್ಸ್‌ಫೀಲ್ಡ್‌ಗೆ ಈ ಯಾರೊಬ್ಬರೂ ಗುರುವಲ್ಲ. ವಿಶ್ವವಿದ್ಯಾಲಯದ ಪದವಿಯಿಲ್ಲದ, ಇಎಂಐ ಕಂಪನಿಯ ಎಂಜಿನಿಯರ್. ಮೊದಲ ಮಾದರಿಯಲ್ಲಿ ಒಂದು ಚಿತ್ರದ ನೆರಳು ಹಿಡಿಯಲು ಒಂಬತ್ತು ದಿನ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್‌ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮಹಿಳೆಯೊಬ್ಬರ ಮಿದುಳಿನ ಗೆಡ್ಡೆ ಕಂಡಿತು. ಇಎಂಐ ಮಾರಿದ ಬೀಟಲ್ಸ್ ಹಾಡುಗಳ ದುಡ್ಡಿನಿಂದ ಸಿಟಿ ಹುಟ್ಟಿತು ಎಂಬ ಕತೆ ಕೇಳಲು ಸೊಗಸು. ಆದರೆ ಬ್ರಿಟನ್ನಿನ ಆರೋಗ್ಯ ಇಲಾಖೆ ಹಾಕಿದ ಹಣವನ್ನು ಆ ಕತೆ ನುಂಗಿಹಾಕುತ್ತದೆ.

1979ರ ನೊಬೆಲ್ ಕಾರ್ಮ್ಯಾಕ್ ಮತ್ತು ಹೌನ್ಸ್‌ಫೀಲ್ಡ್‌ಗೆ ಹೋಯಿತು. ರಾಮಚಂದ್ರನ್ ಅವರಿಗೆ ಅನ್ಯಾಯವಾಯಿತು ಎಂಬ ಮಾತು ನಮ್ಮಲ್ಲಿ ಆಗಾಗ ಕೇಳಿಬರುತ್ತದೆ. ಕೊಲಾಜೆನ್‌ಗೂ ಆ ನಕ್ಷೆಗೂ ಅನ್ನಿ, ಒಪ್ಪುತ್ತೇನೆ. ಸಿಟಿಯ ವಿಷಯದಲ್ಲಿ ಒಪ್ಪಲಾರೆ. ಹೌನ್ಸ್‌ಫೀಲ್ಡ್‌ನ ಮೊದಲ ಯಂತ್ರ ಸಮೀಕರಣಗಳನ್ನು ಸರಿಪಡಿಸುತ್ತ ಸರಿಪಡಿಸುತ್ತ ಬಿಡಿಸುವ ಬೇರೆಯೇ ವಿಧಾನದಲ್ಲಿ ನಡೆಯುತ್ತಿತ್ತು. ನೆರಳು ತಿದ್ದುವ ವಿಧಾನ ಬಂದದ್ದು ಆಮೇಲೆ. ಆದರೆ ಬಂದ ಮೇಲೆ ದಶಕಗಟ್ಟಲೆ ಕುರ್ಚಿ ಬಿಡಲಿಲ್ಲ. ಈಗೀಗ ಕೃತಕ ಬುದ್ಧಿಮತ್ತೆಯ ವಿಧಾನಗಳು ಪಕ್ಕದಲ್ಲಿ ಕೂರುತ್ತಿವೆ.

ರಾಮಚಂದ್ರನ್ ಬಳಿಕ ಪ್ರೋಟೀನುಗಳಿಗೆ, ಕೊನೆಗಾಲದಲ್ಲಿ ಗಣಿತೀಯ ತರ್ಕಶಾಸ್ತ್ರಕ್ಕೆ ಹೊರಳಿದರು, 2001ರಲ್ಲಿ ತೀರಿಕೊಂಡರು. ಅವರ ಬಗ್ಗೆ ಬರೆಯುವವರು ‘ಲಾಕ್’ ಅನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ, ನಾನೂ ಇಲ್ಲಿಯವರೆಗೆ ಅದನ್ನೇ ಮಾಡಿದೆ. 1971ರ ಲೆಕ್ಕ ಕಿರಣಗಳೆಲ್ಲ ಸಮಾನಾಂತರ ಎಂದುಕೊಂಡು ಹೊರಟದ್ದು. ಎಕ್ಸ್‌ರೇ ಟ್ಯೂಬಿನಿಂದ ಹೊರಡುವ ಕಿರಣಗಳು ಬೀಸಣಿಗೆಯಾಗಿ ಹರಡುತ್ತವೆ. ಆ ಬೀಸಣಿಗೆಗೆ ಸೂತ್ರವನ್ನು ಹೊಂದಿಸಿ ಲಕ್ಷ್ಮೀನಾರಾಯಣನ್ 1975ರಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೊ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನ ವಿಭಾಗದಿಂದ ಒಂದು ತಾಂತ್ರಿಕ ವರದಿ ಹೊರತಂದರು. ಸ್ಕ್ಯಾನರಿನ ಬಳೆಯಾಕಾರದ ಗ್ಯಾಂಟ್ರಿಯೊಳಗೆ ಇವತ್ತು ತಿರುಗುವ ಟ್ಯೂಬಿಗೆ ಹತ್ತಿರವಾದದ್ದು ಐದು ಪುಟಗಳಿಗಿಂತ ಹೆಚ್ಚಾಗಿ ಆ ವರದಿಯೇ.