ಎಂಜಿನ್ ಬಿಚ್ಚೋ ಮೊದಲೇ ಓವರ್‌ಹಾಲ್ ಶುರುವಾಗಿರಬೇಕು

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ. ಓದೋಕೆ ಸುಲಭ ಆಗಲಿ ಅಂತ ಕೆಲವು ಕಡೆ ಮಾತನ್ನು ಸ್ವಲ್ಪ ತಿದ್ದಲಾಗಿದೆ.)

ಮಂಜಗುಣಿಯಿಂದ ಮಾತಾಡ್ತಾ ಇದ್ದೇನೆ. ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿದ್ದೀರೋ, ರಾತ್ರಿ ಪಾಳಿಯಲ್ಲಿದ್ದೀರೋ ಗೊತ್ತಿಲ್ಲ. ಎಲ್ಲಿದ್ದರೂ ಇಪ್ಪತ್ತು ನಿಮಿಷ ಕೊಡಿ.

ಕೇಳುಗರೊಬ್ಬರು ಒಂದು ಮೆಸೇಜ್ ಕಳಿಸಿದ್ದರು. ಡಿಪ್ಲೊಮಾ ಮುಗಿಸಿದ ಹುಡುಗ. 'ಬ್ರೋ, ಮೇಂಟೆನೆನ್ಸ್ ಪ್ಲಾನರ್ ಅಂತ ಒಂದು ಕೆಲಸ ಸಿಕ್ಕಿದೆ. ಕಂಪ್ಯೂಟರ್ ಮುಂದೆ ಕೂತು ಓವರ್‌ಹಾಲ್ ಪ್ಲಾನ್ ಮಾಡಬೇಕಂತೆ. ಸ್ಪ್ಯಾನರ್ ಹಿಡಿಯದೆ ಅದು ಎಂಥಾ ಮೇಂಟೆನೆನ್ಸ್?' ಒಳ್ಳೆ ಪ್ರಶ್ನೆ. ನಾನು ಬಿ.ಕಾಂ. ಓದಿದವನು, ನಟ್ಟು ಬೋಲ್ಟು ನನ್ನ ವಿಷಯ ಅಲ್ಲ. ಆದರೆ ಈ ಕೆಲಸದ ಅರ್ಧ ಭಾಗ ಲೆಕ್ಕ ಇಡೋದು. ಆ ಕಡೆಯಿಂದ ಹಿಡಿದರೆ ನನಗೂ ಅರ್ಥ ಆಗುತ್ತೆ, ನಿಮಗೂ ಆಗುತ್ತೆ.

61 ದಿನದ ಲೆಕ್ಕ

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಒಟ್ಟು 61 ದಿನ. ಮೀನು ಮರಿ ಹಾಕೋ ಕಾಲ, ಸಮುದ್ರವೂ ಬಿರುಸು. ಇಲ್ಲಿ ಗಂಗಾವಳಿ ನದಿ ಸಮುದ್ರ ಸೇರೋ ಜಾಗದಿಂದ ಹಿಡಿದು ಬೇಲೆಕೇರಿ, ತದಡಿ, ಕಾರವಾರದ ಬೈತಖೋಲವರೆಗೆ ಬೋಟುಗಳು ದಡ ಸೇರಿರುತ್ತವೆ. ವರ್ಷದ ದೊಡ್ಡ ರಿಪೇರಿ ಆಗೋದು ಆಗಲೇ.

ಇಲ್ಲಿ ಮೂರು ಪದ ಬೇರೆ ಬೇರೆ ಮಾಡ್ಕೊಳ್ಳೋಣ. ಕೆಟ್ಟ ಮೇಲೆ ಸರಿ ಮಾಡೋದು ರಿಪೇರಿ. ಕೆಡದ ಹಾಗೆ ಆಗಾಗ ಆಯಿಲ್, ಫಿಲ್ಟರ್ ಬದಲಿಸೋದು ಸರ್ವಿಸ್. ಇಡೀ ಯಂತ್ರ ಬಿಚ್ಚಿ, ಪ್ರತಿ ಭಾಗ ಅಳೆದು, ಸವೆದದ್ದನ್ನ ಬದಲಿಸಿ, ಮತ್ತೆ ಜೋಡಿಸಿ, ಪರೀಕ್ಷೆ ಮಾಡಿ ಒಪ್ಪಿಸೋದು ಓವರ್‌ಹಾಲ್.

ಓವರ್‌ಹಾಲ್ ಪ್ಲಾನ್ ಅನ್ನು ಹಿಂದಿನಿಂದ ಮುಂದಕ್ಕೆ ಬರೀತಾರೆ. ಮೊದಲು ಮುಗಿಯೋ ದಿನ, ಆಮೇಲೆ ಶುರುವಾಗೋ ದಿನ. ಒಂದು ಉದಾಹರಣೆ ತಗೊಳ್ಳಿ. ಆಗಸ್ಟ್ 1ಕ್ಕೆ ಬೋಟು ಹೊರಡಬೇಕು. ಟ್ರಯಲ್‌ಗೆ 2 ದಿನ. ಬೋಟು ನೀರಿಗಿಳಿಸಿ ಶಾಫ್ಟ್ ಅಲೈನ್‌ಮೆಂಟ್ ನೋಡೋಕೆ 4 ದಿನ. ನೆಲದ ಮೇಲೆ ಇದ್ದಾಗಿನ ಅಲೈನ್‌ಮೆಂಟ್ ನೀರಿಗಿಳಿದ ಮೇಲೆ ಹಾಗೇ ಇರಲ್ಲ, ಅದಕ್ಕೆ ಮತ್ತೆ ನೋಡಲೇಬೇಕು. ಎಂಜಿನ್ ಜೋಡಿಸೋಕೆ 7 ದಿನ. ಕ್ರ್ಯಾಂಕ್ ಶಾಫ್ಟ್ ಹುಬ್ಬಳ್ಳಿಗೋ ಮಂಗಳೂರಿಗೋ ಗ್ರೈಂಡಿಂಗ್‌ಗೆ ಹೋಗಿ ಬರೋಕೆ 15 ದಿನ. ಬಿಚ್ಚಿ, ತೊಳೆದು, ಅಳೆಯೋಕೆ 4 ದಿನ. ಕೂಡಿ ನೋಡಿ, 32 ದಿನ ಆಯ್ತು.

ಜುಲೈ 31ರಿಂದ 32 ದಿನ ಹಿಂದಕ್ಕೆ ಎಣಿಸಿದರೆ ಜೂನ್ 30. ಎಂಜಿನ್ ಬಿಚ್ಚೋಕೆ ಅದೇ ಕೊನೇ ದಿನ. 61 ದಿನ ರಜೆ ಇದೆ ಅಂತ ನಿರಾಳವಾಗಿ ಜುಲೈ 15ಕ್ಕೆ ಬಿಚ್ಚಿದರೆ, ಬೋಟು ಸಮುದ್ರಕ್ಕಿಳಿಯೋದು ಆಗಸ್ಟ್ ಮಧ್ಯದಲ್ಲಿ. ಋತುವಿನ ಮೊದಲ ವಾರಗಳ ದುಡಿಮೆ ಹೋಯ್ತು. ಸಾಲದ ಬಡ್ಡಿ ಮಾತ್ರ ದಡದಲ್ಲಿ ಕೂರಲ್ಲ. ತಾಂಡೇಲನಿಗೆ, ಖಲಾಸಿಗಳಿಗೆ ಕೊಟ್ಟ ಮುಂಗಡ ಅಲ್ಲೇ ನಿಂತಿರುತ್ತೆ. ಪಾಲಿನ ಮೇಲೆ ದುಡಿಯೋ ಅವರ ಮನೆಗೂ ಏನೂ ಹೋಗಲ್ಲ.

ಸಾಫ್ಟ್‌ವೇರ್ ಇಲ್ಲಿ ಏನು ಮಾಡುತ್ತೆ?

ಎಸ್‌ಎಪಿ, ಐಬಿಎಂ ಮ್ಯಾಕ್ಸಿಮೊ, ಐಎಫ್‌ಎಸ್ ಅಂತ ಹೆಸರು ಕೇಳಿರಬಹುದು. ದೊಡ್ಡ ಕಾರ್ಖಾನೆ, ವಿಮಾನ ಸಂಸ್ಥೆ, ಹಡಗುಕಟ್ಟೆಗಳಲ್ಲಿ ಇಂಥವು ಓಡ್ತವೆ. ಸ್ಕ್ರೀನ್ ಬೇರೆ ಬೇರೆ, ಒಳಗಿನ ತಿರುಳು ಒಂದೇ.

ಮೊದಲನೇದು ಯಂತ್ರದ ವಂಶವೃಕ್ಷ. ಬೋಟು, ಅದರೊಳಗೆ ಎಂಜಿನ್, ಅದರೊಳಗೆ ಫ್ಯುಯೆಲ್ ಪಂಪ್, ಹೀಗೆ. ಇಲ್ಲಿ 'ಜಾಗ' ಬೇರೆ, ಅಲ್ಲಿ ಕೂತಿರೋ 'ವಸ್ತು' ಬೇರೆ. ಗೇರ್‌ಬಾಕ್ಸ್ ಕೂರೋ ಜಾಗ ಬೋಟಿನದ್ದು. ಗೇರ್‌ಬಾಕ್ಸ್‌ಗೆ ತನ್ನದೇ ಸೀರಿಯಲ್ ನಂಬರ್ ಇದೆ. ಅದನ್ನ ಬಿಚ್ಚಿ ಇನ್ನೊಂದು ಬೋಟಿಗೆ ಹಾಕಿದರೆ ಅದರ ಚರಿತ್ರೆಯೂ ಜೊತೆಗೆ ಹೋಗಬೇಕು.

ಎರಡನೇದು ಮೀಟರ್. ಇಷ್ಟು ಗಂಟೆ ಓಡಿದ ಮೇಲೆ ಅಥವಾ ಇಷ್ಟು ತಿಂಗಳಾದ ಮೇಲೆ, ಯಾವುದು ಮೊದಲೋ ಆಗ, ಸಾಫ್ಟ್‌ವೇರ್ ಕೆಲಸ ಎತ್ತುತ್ತೆ.

ಮೂರನೇದು ವರ್ಕ್ ಆರ್ಡರ್. ಯಾವ ಕೆಲಸ, ಯಾವ ಕ್ರಮದಲ್ಲಿ, ಯಾರು, ಎಷ್ಟು ಗಂಟೆ, ಯಾವ ಭಾಗ, ಯಾವ ಉಪಕರಣ, ಎಲ್ಲ ಅದರೊಳಗೆ. ಬರೋಕೆ ಹೆಚ್ಚು ದಿನ ಹಿಡಿಯೋ ಭಾಗಗಳನ್ನ ಯಂತ್ರ ಬಿಚ್ಚೋ ಮೊದಲೇ ಆರ್ಡರ್ ಮಾಡಿರಬೇಕು.

ನಾಲ್ಕನೇದು, ಬಿಚ್ಚಿದ ಮೇಲೆ ಸಿಗೋ ಕೆಲಸ. ಮೇಲಿಂದ ಚೆನ್ನಾಗೇ ಕಾಣ್ತಿತ್ತು, ಒಳಗೆ ಬಿರುಕು. ಇದು ಪ್ರತಿ ಓವರ್‌ಹಾಲ್‌ನಲ್ಲೂ ಇರುತ್ತೆ. ಏನು ಸಿಗುತ್ತೆ ಅಂತ ಹೇಳೋಕಾಗಲ್ಲ, ಏನೋ ಒಂದು ಸಿಗುತ್ತೆ ಅಂತ ಮಾತ್ರ ಖಂಡಿತ. ಅದಕ್ಕೇ ಒಳ್ಳೆ ಪ್ಲಾನರ್ ದಿನ, ದುಡ್ಡು ಎರಡನ್ನೂ ಸ್ವಲ್ಪ ಕೈಯಲ್ಲಿ ಇಟ್ಕೊಂಡಿರ್ತಾನೆ, ಮತ್ತು ಅಳತೆ ಮಾಡೋ ಕೆಲಸವನ್ನ ಎಲ್ಲದಕ್ಕಿಂತ ಮುಂದೆ ಹಾಕ್ತಾನೆ.

ನನ್ನ ಕಾಮರ್ಸ್ ಪಾಠವೂ ಇಲ್ಲಿ ಬರುತ್ತೆ. ಕಂಪನಿಗಳ ಲೆಕ್ಕದ ನಿಯಮ ಇಂಡ್ ಎಎಸ್ 16ರ ಪ್ರಕಾರ, ಷರತ್ತು ಪೂರೈಸಿದರೆ ದೊಡ್ಡ ತಪಾಸಣೆಯ ಖರ್ಚು ಆ ವರ್ಷದ ಖರ್ಚಾಗದೆ ಆಸ್ತಿಗೆ ಸೇರುತ್ತೆ, ಮುಂದಿನ ತಪಾಸಣೆವರೆಗೆ ಹಂಚಿಹೋಗುತ್ತೆ. ನಮ್ಮ ಬೋಟಿಗೂ ಹೀಗೇ ಯೋಚಿಸಬಹುದು. ಮೂರು ವರ್ಷಕ್ಕೊಮ್ಮೆ 3 ಲಕ್ಷ ಬೇಕಾಗುತ್ತೆ ಅಂದ್ಕೊಳ್ಳಿ. ಅದು ಮೂರನೇ ವರ್ಷದ ಆಘಾತ ಅಲ್ಲ, ಪ್ರತಿ ವರ್ಷದ 1 ಲಕ್ಷ.

ನಮ್ಮ ಜಿಲ್ಲೆಯ ದೊಡ್ಡ ಉದಾಹರಣೆಗಳು

ಕೈಗಾ ಅಣು ವಿದ್ಯುತ್ ಸ್ಥಾವರದ 1ನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ ನಿಲ್ಲದೆ 962 ದಿನ ಓಡಿತು. ಆಗ ಅದು ವಿಶ್ವದಾಖಲೆ. 2020ರಲ್ಲಿ ಕೆನಡಾದ ಡಾರ್ಲಿಂಗ್ಟನ್ ಅದನ್ನ ಮೀರಿಸಿತು. ಈ ಮಾದರಿಯ ರಿಯಾಕ್ಟರ್‌ಗೆ ಓಡ್ತಿರೋವಾಗಲೇ ಇಂಧನ ತುಂಬಬಹುದು, ಹಾಗಾಗಿ ಇಂಧನಕ್ಕಾಗಿ ನಿಲ್ಲಿಸಬೇಕಿಲ್ಲ. ಆದರೆ ಪಂಪು, ವಾಲ್ವು, ಟರ್ಬೈನ್ ಎಲ್ಲವೂ ಅಷ್ಟು ದಿನ ತಾಳಬೇಕಲ್ಲ. ಕೊನೆಗೆ ಅದನ್ನ ನಿಲ್ಲಿಸಿದ್ದೂ ಕೆಟ್ಟಿದ್ದಕ್ಕಲ್ಲ, ತಪಾಸಣೆ ಮತ್ತು ನಿರ್ವಹಣೆಗೆ.

ಕಾರವಾರದ ಐಎನ್‌ಎಸ್ ಕದಂಬ ನೌಕಾನೆಲೆಯಲ್ಲಿ ಹಡಗನ್ನೇ ನೀರಿಂದ ಮೇಲೆತ್ತೋ 10,000 ಟನ್ ಸಾಮರ್ಥ್ಯದ ಶಿಪ್ ಲಿಫ್ಟ್ ಇದೆ. ಆದರೆ ಕಾರವಾರವನ್ನೇ ನೆಲೆ ಮಾಡಿಕೊಂಡ ಐಎನ್‌ಎಸ್ ವಿಕ್ರಮಾದಿತ್ಯ ಸುಮಾರು 44,500 ಟನ್. ಅದು ಇಲ್ಲಿ ಏಳಲ್ಲ. ಹಾಗಾಗಿ 2024ರ ನವೆಂಬರ್‌ನಲ್ಲಿ ಕೊಚ್ಚಿ ಶಿಪ್‌ಯಾರ್ಡ್ ಜೊತೆ ಸುಮಾರು 1,207 ಕೋಟಿ ರೂಪಾಯಿಯ ರಿಫಿಟ್ ಮತ್ತು ಡ್ರೈ ಡಾಕಿಂಗ್ ಒಪ್ಪಂದ ಆಯ್ತು. ಜಾಗ ಎಲ್ಲಿದೆ, ಯಾವಾಗ ಖಾಲಿ ಇದೆ, ಇದೂ ಪ್ಲಾನಿನ ಭಾಗ.

ಭಾಗ ಬದಲಾದಾಗ ದಾಖಲೆಯೂ ಬದಲಾಗಬೇಕು

ಈಗ ಪ್ರಶ್ನೆಯ ಎರಡನೇ ಅರ್ಧ, ಮಾಡಿಫಿಕೇಶನ್.

ಮತ್ತೆ ಆ ಕ್ರ್ಯಾಂಕ್ ಶಾಫ್ಟ್‌ಗೆ ಬನ್ನಿ. ಗ್ರೈಂಡಿಂಗ್ ಮಾಡಿದಾಗ ಅದು 0.25 ಮಿಲಿಮೀಟರ್ ಸಣ್ಣ ಆಯ್ತು ಅಂದ್ಕೊಳ್ಳಿ. ಇನ್ಮೇಲೆ ಅದಕ್ಕೆ ಕಂಪನಿಯ ಮಾಮೂಲಿ ಬೇರಿಂಗ್ ಹೊಂದಲ್ಲ, 0.25 ಅಂಡರ್‌ಸೈಜ್ ಬೇಕು. ಪಕ್ಕದ ಬೋಟಿನದ್ದೂ ಅದೇ ಮಾಡೆಲ್ ಎಂಜಿನ್, ಆದರೆ ಎರಡರ ಭಾಗಗಳ ಪಟ್ಟಿ ಈಗ ಬೇರೆ ಬೇರೆ. ಇದನ್ನ ಎಲ್ಲೂ ಬರೆದಿಡಲಿಲ್ಲ ಅಂದ್ರೆ ಮೂರು ವರ್ಷದ ನಂತರ ಇನ್ಯಾರೋ ಮೆಕ್ಯಾನಿಕ್ ಮಾಮೂಲಿ ಬೇರಿಂಗ್ ತಂದು ಹಾಕಬಹುದು. ಸಂದು ಜಾಸ್ತಿಯಾಗಿ ಆಯಿಲ್ ಪ್ರೆಶರ್ ಬಿದ್ದು, ಬೇರಿಂಗ್ ಹೋಗಿ ಎಂಜಿನ್ ನಿಲ್ಲುತ್ತೆ. ದಡದಲ್ಲಿ ನಿಂತರೆ ಖರ್ಚು. ಗಾಳಿ ಎದ್ದ ಸಮುದ್ರದಲ್ಲಿ ನಿಂತರೆ ಜೀವದ ಪ್ರಶ್ನೆ.

ಅದಕ್ಕೇ ಸಾಫ್ಟ್‌ವೇರ್‌ನಲ್ಲಿ ಎರಡು ಪಟ್ಟಿ ಇರುತ್ತೆ. ಕಂಪನಿ ತಯಾರಿಸಿದಾಗ ಹೇಗಿತ್ತು ಅನ್ನೋದು ಒಂದು. ಈ ಸೀರಿಯಲ್ ನಂಬರಿನ ಯಂತ್ರ ಇವತ್ತು ನಿಜಕ್ಕೂ ಹೇಗಿದೆ ಅನ್ನೋದು ಇನ್ನೊಂದು. ಬದಲಾವಣೆ ಮಾಡೋ ಮೊದಲು ಮೂರು ಪ್ರಶ್ನೆ ಕೇಳ್ತಾರೆ: ಆಕಾರ ಅದೇನಾ, ಕೂರೋ ರೀತಿ ಅದೇನಾ, ಮಾಡೋ ಕೆಲಸ ಅದೇನಾ? ಒಂದಕ್ಕಾದರೂ 'ಅಲ್ಲ' ಅಂದ್ರೆ ಹೊಸ ಪಾರ್ಟ್ ನಂಬರ್ ಕೊಡಬೇಕು. ಯಾವ ಸೀರಿಯಲ್‌ಗಳಿಗೆ ಅನ್ವಯ, ಯಾರು ಒಪ್ಪಿದರು, ಹಳೇ ಸ್ಟಾಕ್ ಏನು ಮಾಡಬೇಕು, ಡ್ರಾಯಿಂಗ್ ತಿದ್ದಿದೆಯಾ, ಎಲ್ಲ ದಾಖಲಾಗಬೇಕು.

ಈ ಹಂತ ತಪ್ಪಿದರೆ ಏನಾಗುತ್ತೆ? ಇಂಗ್ಲೆಂಡಿನ ಫ್ಲಿಕ್ಸ್‌ಬರೋ ರಾಸಾಯನಿಕ ಕಾರ್ಖಾನೆ, 1974. ಸಾಲಾಗಿದ್ದ ಆರು ರಿಯಾಕ್ಟರ್‌ಗಳಲ್ಲಿ ಐದನೇದು ಬಿರುಕು ಬಿಟ್ಟಿತು. ಅದನ್ನ ತೆಗೆದು, ನಾಲ್ಕು ಮತ್ತು ಆರರ ನಡುವೆ ತಾತ್ಕಾಲಿಕ ಪೈಪ್ ಹಾಕಿ ಉತ್ಪಾದನೆ ಮುಂದುವರಿಸಿದರು. ಸರಿಯಾದ ವಿನ್ಯಾಸದ ಲೆಕ್ಕಾಚಾರ ನಡೆಯಲಿಲ್ಲ. ಡ್ರಾಯಿಂಗ್ ಅಂತ ಇದ್ದದ್ದು ವರ್ಕ್‌ಶಾಪ್ ನೆಲದ ಮೇಲೆ ಚಾಕ್‌ಪೀಸಿನಲ್ಲಿ ಎಳೆದ ಗೆರೆ. ಜೂನ್ 1ರಂದು ಆ ಪೈಪ್ ಕಿತ್ತುಹೋಗಿ ಸ್ಫೋಟ ಆಯ್ತು. 28 ಜನ ಸತ್ತರು.

ನಮ್ಮ ದೇಶದ್ದು ಬೇಕಾ? ಉತ್ತರ ಪ್ರದೇಶದ ನರೋರಾ, 1993ರ ಮಾರ್ಚ್ 31. ಕೈಗಾದ ಥರದ್ದೇ 220 ಮೆಗಾವ್ಯಾಟ್ ಅಣು ಘಟಕ. ಟರ್ಬೈನಿನ ಎರಡು ಬ್ಲೇಡ್ ಮುರಿದವು. ಹೈಡ್ರೋಜನ್ ಸೋರಿ ಬೆಂಕಿ ಹತ್ತಿತು, ಕೇಬಲ್‌ಗಳು ಸುಟ್ಟವು, ಸುಮಾರು 17 ಗಂಟೆ ಸ್ಥಾವರಕ್ಕೇ ವಿದ್ಯುತ್ ಇಲ್ಲ. ಸಿಬ್ಬಂದಿ ಕೆಲವರು ಟಾರ್ಚ್ ಹಿಡಿದು ಮೇಲೆ ಹತ್ತಿ ಕೈಯಿಂದಲೇ ವಾಲ್ವ್ ತೆರೆದು ರಿಯಾಕ್ಟರ್‌ಗೆ ಬೋರಾನ್ ದ್ರಾವಣ ಬಿಟ್ಟರು. ವಿಕಿರಣ ಹೊರಗೆ ಸೋರಲಿಲ್ಲ.

ಅಣುಶಕ್ತಿ ನಿಯಂತ್ರಣ ಮಂಡಳಿಯ ಅಧ್ಯಕ್ಷರಾಗಿದ್ದ ಎ. ಗೋಪಾಲಕೃಷ್ಣನ್ ಆಮೇಲೆ ಬರೆದದ್ದು ಇದು: ಆ ವಿನ್ಯಾಸದ ಬ್ಲೇಡ್‌ಗಳಲ್ಲಿ ಬಿರುಕು ಬರುತ್ತೆ, ವಿನ್ಯಾಸ ಬದಲಿಸಿ ಅಂತ 1989ರಲ್ಲೇ ಬ್ರಿಟನ್ನಿನ ಮೂಲ ಕಂಪನಿ ತಿಳಿಸಿತ್ತು. ಇಲ್ಲಿನ ತಯಾರಕರು ಹೊಸ ಡ್ರಾಯಿಂಗ್ ಸಹ ಮಾಡಿ ಕೊಟ್ಟಿದ್ದರು. ಆದರೂ ಅಪಘಾತ ಆಗೋವರೆಗೆ ಬದಲಾವಣೆ ಆಗಲಿಲ್ಲ. ಅಂದ್ರೆ ಮಾಹಿತಿ ಇತ್ತು, ಡ್ರಾಯಿಂಗ್ ಇತ್ತು. ಇಂಥ ದಿನ, ಇಂಥ ಘಟಕದಲ್ಲಿ, ಇಂಥವರು ಮಾಡ್ತಾರೆ ಅನ್ನೋ ವರ್ಕ್ ಆರ್ಡರ್ ಆಗಿ ಅದು ಇಳಿದು ಬರಲಿಲ್ಲ.

ಹಾಗಾದ್ರೆ ಪ್ಲಾನರ್ ಕೆಲಸ ಏನು?

ಮೆಸೇಜ್ ಕಳಿಸಿದ ಗೆಳೆಯಾ, ಇದೇ ನಿನ್ನ ಕೆಲಸ. ಗೊತ್ತಿರೋದನ್ನ ಮಾಡಿ ಮುಗಿಸೋ ಕೆಲಸವಾಗಿ ತಿರುಗಿಸೋದು. ಸಾಫ್ಟ್‌ವೇರ್‌ಗೆ ತಾನಾಗಿ ಏನೂ ಗೊತ್ತಾಗಲ್ಲ. ಮಾಡದ ಕೆಲಸಕ್ಕೆ 'ಮುಗಿದಿದೆ' ಅಂತ ಟಿಕ್ ಹಾಕಿದರೆ ಅದು ನಂಬುತ್ತೆ. ಹಾಗಾಗಿ ದಿನಕ್ಕೆ ಒಂದು ಗಂಟೆಯಾದರೂ ಸ್ಕ್ರೀನ್ ಬಿಟ್ಟು ವರ್ಕ್‌ಶಾಪಿಗೆ ಹೋಗು. ಫಿಟ್ಟರ್ ಅಣ್ಣನ್ನ ಕೇಳು: 'ಇಲ್ಲಿ ಬರೆದಿರೋದೂ ಅಲ್ಲಿ ಇರೋದೂ ಒಂದೇನಾ?'

ಬೋಟು, ಲಾರಿ, ಅಕ್ಕಿ ಗಿರಣಿ ಇರೋ ಮನೆಯವರಿಗೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಫೋನಲ್ಲಿ ಒಂದು ಶೀಟ್ ಸಾಕು, ಏಳು ಕಾಲಂ: ದಿನಾಂಕ, ಯಂತ್ರದ ಸೀರಿಯಲ್ ನಂಬರ್, ಓಡಿದ ಗಂಟೆ, ಮಾಡಿದ ಕೆಲಸ, ಹಾಕಿದ ಭಾಗ ಮತ್ತು ಅದರ ಸೈಜ್, ಯಾರು ಮಾಡಿದ್ದು, ಖರ್ಚು. ಹಳೇ ಭಾಗದ್ದೂ ಹೊಸ ಭಾಗದ್ದೂ ಒಂದೊಂದು ಫೋಟೋ. ಮೆಕ್ಯಾನಿಕ್ ಬದಲಾದರೂ, ಬೋಟು ಮಾರಿದರೂ, ಆ ಶೀಟ್ ಜೊತೆಗೆ ಹೋಗಲಿ. ಕೊಳ್ಳೋರಿಗೂ ನಂಬಿಕೆ, ನಿಮಗೂ ಬೆಲೆ.

ಮುಂದಿನ ನಿಷೇಧಕ್ಕೆ ಮೊದಲು, ಮೇ ತಿಂಗಳಲ್ಲೇ, ಮನೆಯ ಹಿರಿಯರ ಜೊತೆ ಕೂತು ಒಂದೇ ಒಂದು ತಾರೀಕು ಬರೆದಿಡಿ: ನಮ್ಮ ಎಂಜಿನ್ ಬಿಚ್ಚೋಕೆ ಕೊನೇ ದಿನ ಯಾವುದು? ನಿಮ್ಮ ಲೆಕ್ಕದಲ್ಲಿ ಎಷ್ಟು ದಿನ ಬಂತು ಅಂತ ನನಗೆ ವಾಟ್ಸಾಪ್ ಮಾಡಿ. ಮುಂದಿನ ಸಂಚಿಕೆಯಲ್ಲಿ ಓದ್ತೇನೆ.