ಕಿವಿ ಡಾಕ್ಟರ ಕೈಗೆ ಅಂಕ ಕೊಡುವುದು ಹೇಗೆ?

ವೃಶ್ಚಿಕೋತ್ಸವ ಬಂತೆಂದರೆ ತ್ರಿಪ್ಪುಣಿತ್ತುರದ ಪೂರ್ಣತ್ರಯೀಶ ದೇವಸ್ಥಾನದ ಚೆಂಡೆಮೇಳಕ್ಕೆ ನಾವೆಲ್ಲ ಓಡುತ್ತೇವೆ. ಆ ಅಬ್ಬರವನ್ನೆಲ್ಲ ಒಳಕಿವಿಗೆ ದಾಟಿಸುವ ಕೊನೆಯ ಮೂಳೆ, ಸ್ಟೇಪಿಸ್, ಸುಮಾರು 3 ಮಿಲಿಮೀಟರ್ ಮಾತ್ರ. ಅಕ್ಕಿಕಾಳಿಗಿಂತ ಚಿಕ್ಕದು!

ಕಿವಿ ಸೋರಿ ಸೋರಿ ರೋಗ ಹಿಂಬದಿಯ ಮೂಳೆಗೆ ಇಳಿದರೆ ಆ ಮೂಳೆಯನ್ನು ಡ್ರಿಲ್ಲಿನಿಂದ ಕೊರೆಯಬೇಕಾಗುತ್ತದೆ. ಅದರೊಳಗೇ ಮುಖದ ನರ ಹಾದುಹೋಗುತ್ತದೆ. ಕೈ ತಪ್ಪಿ ನರಕ್ಕೆ ಪೆಟ್ಟಾದರೆ ಆ ಬದಿಯ ಕಣ್ಣು ಮುಚ್ಚದು, ಬಾಯಿ ಸೊಟ್ಟಗಾಗುತ್ತದೆ. 2012ರಲ್ಲಿ ಕೇರಳ ಸರ್ಕಾರ ಶುರುಮಾಡಿದ ಶ್ರುತಿತರಂಗಂ ಯೋಜನೆಯಲ್ಲಿ ಕಿವಿ ಕೇಳದ ಪುಟ್ಟ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಹಾಕುತ್ತಾರಲ್ಲ, ಅಲ್ಲಿಯೂ ಡ್ರಿಲ್ ಸಾಗುವುದು ಈ ನರದ ಪಕ್ಕದಲ್ಲೇ.

ಕಲಿಯುವ ಡಾಕ್ಟರು ಮೊದಲು ಶವದ ಮೂಳೆಯ ಮೇಲೆ ಕೈ ಪಳಗಿಸುತ್ತಾರೆ. ಆದರೆ ಒಂದಲ್ಲ ಒಂದು ದಿನ ಜೀವಂತ ಕಿವಿಗೆ ಕೈ ಹಾಕಲೇಬೇಕು. ಸಿದ್ಧರಾಗಿದ್ದಾರೆಂದು ಹೇಳುವವರು ಯಾರು? ಬಹುಕಾಲ ಅದು ಗುರುಗಳ ಮಾತು: "ಹುಡುಗನ ಕೈ ಚೆನ್ನಾಗಿದೆ." ಜೊತೆಗೆ ಎಷ್ಟು ಆಪರೇಷನ್ ಮಾಡಿದ ಎಂಬ ಲೆಕ್ಕದ ಪುಸ್ತಕ. ಇಪ್ಪತ್ತು ವರ್ಷ ಹೋಳಿಗೆ ಮಾಡಿದವರದೆಲ್ಲ ಹರಿಯದೆ ಬರುತ್ತದೆಯೇ, ನೀವೇ ಹೇಳಿ!

1997ರಲ್ಲಿ ಕೆನಡಾದ ಟೊರಾಂಟೊ ತಂಡವೊಂದು ಓಸಾಟ್ಸ್ ಎಂಬ ಪರೀಕ್ಷಾಕ್ರಮವನ್ನು ಪ್ರಕಟಿಸಿತು. ಅದು ಕಿವಿಗೇ ಮೀಸಲಲ್ಲ, ಶಸ್ತ್ರಚಿಕಿತ್ಸೆ ಕಲಿಯುವವರಿಗೆಲ್ಲ. ಒಂದು ಪಟ್ಟಿಯಲ್ಲಿ ಹಂತ ಹಂತವಾಗಿ ಮಾಡಿದ, ಮಾಡಲಿಲ್ಲ ಎಂದು ಗುರುತು. ಇನ್ನೊಂದರಲ್ಲಿ ಅಂಗಾಂಶವನ್ನು ಎಷ್ಟು ಮೃದುವಾಗಿ ಮುಟ್ಟಿದ, ಉಪಕರಣ ಹೇಗೆ ಹಿಡಿದ, ಕೈ ಸುಮ್ಮನೆ ಎಷ್ಟು ಅಲೆಯಿತು ಎಂಬಂಥ ಏಳು ವಿಷಯಗಳಿಗೆ 1ರಿಂದ 5ರವರೆಗೆ ಅಂಕ. ಮುಂದೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಇದೇ ಬಗೆಯ ಅಳತೆಯನ್ನು ಕಿವಿಮೂಳೆ ಕೊರೆಯುವುದಕ್ಕೂ ರೂಪಿಸಿದರು. ಕಿವಿಯ ಆಪರೇಷನ್ ಮೈಕ್ರೋಸ್ಕೋಪಿನಲ್ಲಿ ನಡೆಯುವುದರಿಂದ ಒಂದು ಅನುಕೂಲವಿದೆ: ವಿಡಿಯೋ ತೆಗೆದು, ಹೆಸರು ಹೇಳದೆ, ಬೇರೆ ಊರಿನ ಪರೀಕ್ಷಕರಿಗೆ ತೋರಿಸಬಹುದು. ಅಲ್ಲಿ ಕಾಣುವುದು ಕೈಯಲ್ಲಿನ ಡ್ರಿಲ್ ಮಾತ್ರ. ಯಾರ ಮಗ, ಯಾವ ಜಾತಿ, ಯಾರ ಶಿಷ್ಯ, ಒಂದೂ ಕಾಣದು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು.

ಆದರೆ ಒಂದು ತಮಾಷೆ ಕೇಳಿ. ಹಂತಗಳಿಗೆ ಗುರುತು ಹಾಕುವ ಪಟ್ಟಿಗಿಂತ, ಅನುಭವಿಗಳು ಒಟ್ಟು ಕೆಲಸ ನೋಡಿ ಕೊಟ್ಟ 1ರಿಂದ 5ರ ಅಂಕವೇ ಹೆಚ್ಚು ನಂಬಿಕೆಗೆ ಯೋಗ್ಯವೆಂದು ಟೊರಾಂಟೊದವರೇ 1998ರಲ್ಲಿ ಕಂಡುಕೊಂಡರು. ಪಟ್ಟಿಯಲ್ಲಿ ಎಲ್ಲಕ್ಕೂ ಗುರುತು ಬಿದ್ದರೂ ಕೈ ಒರಟಾಗಿರಬಹುದಲ್ಲ! ನಮ್ಮೂರಿನ ಆರ್‌ಎಲ್‌ವಿ ಕಾಲೇಜಿನಲ್ಲಿ ಕಥಕಳಿ ಕಲಿಸುವ ಯಾವ ಆಶಾನ್ ಅವರನ್ನು ಕೇಳಿದರೂ, ಮುದ್ರೆ ಸರಿಯಿದ್ದೂ ಆಟ ಕೆಡುವುದುಂಟು ಎಂದಾರು.